ಬಿಗಿದ ಕಾಲು, ಮಲಗುವ ಭಂಗಿ, ಬೆಚ್ಚಗಿನ ನೀರು

ಸ್ಟ್ರೋಕ್ ಆಗಿ ಕೆಲವು ತಿಂಗಳು ಕಳೆದವರನ್ನು ಅಂಗಾತ ಮಲಗಿಸಿ, ಮಂಡಿ ನೇರ ಇರುವಾಗಲೇ ಪಾದವನ್ನು ಮೇಲಕ್ಕೆ ಮಡಚಲು ಹೋಗಿ. ಮೀನಖಂಡ ಬಿಗಿದುಕೊಂಡು ಕೈಗೆ ಎದುರು ನಿಲ್ಲುತ್ತದೆ. ಅದೇ ವ್ಯಕ್ತಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿ ಮಡಚಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನಿಧಾನಕ್ಕೆ ಎತ್ತಿದರೆ ಪಾದ ಎಷ್ಟೋ ಸಲೀಸಾಗಿ ಬರುತ್ತದೆ. ಎದೆಮಟ್ಟದ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿದ ಮೇಲೆ ನೋಡಿದರೆ ಹಲವರಲ್ಲಿ ಇನ್ನೂ ಸಡಿಲ. ಸ್ನಾಯು ಅದೇ, ಮೆದುಳಿಗೆ ಬಿದ್ದ ಪೆಟ್ಟು ಅದೇ, ಬೆಳಿಗ್ಗೆ ನುಂಗಿದ ಮಾತ್ರೆಯೂ ಅದೇ. ಬದಲಾದದ್ದು ದೇಹದ ಭಂಗಿ ಮತ್ತು ಅದರ ಭಾರ ಹೊತ್ತಿರುವ ಜಾಗ.

ಹಾಗಾಗಿ "ಕಾಲು ತುಂಬ ಟೈಟ್ ಆಗಿದೆ, ಮಾತ್ರೆ ಜಾಸ್ತಿ ಮಾಡಬೇಕಾ?" ಎಂದು ಮನೆಯವರು ಕೇಳಿದಾಗ ಮರುಪ್ರಶ್ನೆ ಒಂದೇ: ಯಾವ ಭಂಗಿಯಲ್ಲಿ ಟೈಟ್? ತಲೆ ಎತ್ತ ತಿರುಗಿದೆ, ಅಂಗಾಲಿಗೆ ಏನು ತಾಗುತ್ತಿದೆ, ಮೈಗೆ ಎಷ್ಟು ಶಾಖ, ಎಷ್ಟು ವೇಗದಲ್ಲಿ ಎಳೆದಿರಿ ಎಂಬುದಕ್ಕೆಲ್ಲ ನರಮಂಡಲ ಕ್ಷಣಕ್ಷಣಕ್ಕೂ ಕೊಡುವ ಉತ್ತರವೇ ಈ ಬಿಗಿತ. ಪ್ರಶ್ನೆ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಮನೆಯಲ್ಲಿ ಒಬ್ಬರನ್ನು ದಿನವಿಡೀ ನೋಡಿಕೊಳ್ಳುವವರಿಗೆ ಇದು ತಿಳಿದಿದ್ದರೆ ಬಟ್ಟೆ ತೊಡಿಸುವುದು, ತೊಳೆಯುವುದು, ಊಟ ಮಾಡಿಸುವುದು ಎಲ್ಲವೂ ಹಗುರಾಗುತ್ತವೆ.

ಬಿಗಿತದ ಎರಡು ಪಾಲು

ಆರೋಗ್ಯವಂತರು ಪೂರ್ತಿ ಮೈಸಡಿಲಿಸಿ ಮಲಗಿದಾಗ ಸ್ನಾಯುವಿಗೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಸಾಧನ) ಹಚ್ಚಿದರೆ ವಿದ್ಯುತ್ತಿನ ಸುಳಿವೇ ಇರುವುದಿಲ್ಲ. ಆದರೂ ಮುಟ್ಟಿದರೆ ಒಂದಿಷ್ಟು ಬಿಗಿ ಕೈಗೆ ಸಿಗುತ್ತದೆ. ಅದು ಸ್ನಾಯುವಿನ ಎಳೆಗಳ, ಅದರ ಸುತ್ತಲಿನ ಹೊದಿಕೆಯ ಸ್ಥಿತಿಸ್ಥಾಪಕತೆ. ಇದು ಒಂದು ಪಾಲು. ಎಳೆದಾಗ ಬೆನ್ನುಹುರಿಯ ಮೂಲಕ ಸ್ನಾಯು ತಿರುಗಿ ಬಿಗಿಯುವ ಪ್ರತಿವರ್ತನೆ ಇನ್ನೊಂದು ಪಾಲು. ಮೆದುಳು ಅಥವಾ ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಈ ಎರಡನೆಯದು ಹೆಚ್ಚುವುದನ್ನೇ ಸ್ಪಾಸ್ಟಿಸಿಟಿ ಎನ್ನುತ್ತಾರೆ. 1980ರಲ್ಲಿ ಆಸ್ಟ್ರೇಲಿಯಾದ ನರತಜ್ಞ ಜೇಮ್ಸ್ ಲಾನ್ಸ್ ಕೊಟ್ಟ ವ್ಯಾಖ್ಯೆಯಲ್ಲಿ ಮುಖ್ಯವಾದ ಮಾತು ವೇಗ: ಎಷ್ಟು ಬೇಗ ಎಳೆಯುತ್ತೀರೋ ಅಷ್ಟು ಬಿಗಿತ.

ಇವೆರಡನ್ನು ಬೇರ್ಪಡಿಸಲು ಉಪಕರಣ ಬೇಕಿಲ್ಲ. ಕೀಲನ್ನು ಮೊದಲು ತುಂಬ ನಿಧಾನವಾಗಿ ಕೊನೆಯವರೆಗೆ ಒಯ್ಯಿರಿ, ಆಮೇಲೆ ಒಂದು ಸೆಕೆಂಡಿನಲ್ಲಿ ಒಯ್ಯಿರಿ. ನಿಧಾನಕ್ಕೆ ಪೂರ್ತಿ ಬಂದು, ಬೇಗ ಎಳೆದಾಗ ನಡುವೆ ತಟ್ಟನೆ ಸಿಕ್ಕಿಕೊಂಡರೆ ಅದು ಪ್ರತಿವರ್ತನೆಯ ಪಾಲು. ಎರಡು ಸಲವೂ ಒಂದೇ ಜಾಗದಲ್ಲಿ ನಿಂತುಬಿಟ್ಟರೆ ಸ್ನಾಯುವೇ ಗಿಡ್ಡವಾಗಿದೆ ಎಂದು ಅನುಮಾನಿಸಬೇಕು. ಭಂಗಿ ಮತ್ತು ನೀರು ಮುಖ್ಯವಾಗಿ ನೆರವಾಗುವುದು ಪ್ರತಿವರ್ತನೆಯ ಪಾಲಿಗೆ. ಗಿಡ್ಡವಾದ ಸ್ನಾಯು ನೀರಿನಲ್ಲಿ ಅರ್ಧ ಗಂಟೆ ಇದ್ದ ಮಾತ್ರಕ್ಕೆ ಉದ್ದವಾಗದು. ಅದಕ್ಕೆ ಹಂತಹಂತವಾಗಿ ಬದಲಿಸುತ್ತ ಹಾಕುವ ಸರಣಿ ಪ್ಲಾಸ್ಟರ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಇನ್ನೊಂದು ಎಚ್ಚರ. ಮೇಲೆ ಹೇಳಿದ ಪಾದದ ಉದಾಹರಣೆಯಲ್ಲಿ ಒಂದಂಶ ಬರೀ ಅಂಗರಚನೆಯ ಲೆಕ್ಕ. ಮೀನಖಂಡದ ಮೇಲ್ಪದರ ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯನ್ನೂ ದಾಟುತ್ತದೆ, ಒಳಪದರ ಸೋಲಿಯಸ್ ದಾಟುವುದಿಲ್ಲ. ಮಂಡಿ ಮಡಚಿದ ಕೂಡಲೇ ಮೇಲ್ಪದರ ಸಡಿಲಾಗುತ್ತದೆ. ಮಂಡಿ ನೇರ ಇದ್ದಾಗಲೂ ಮಡಚಿದಾಗಲೂ ಪಾದ ಬರದಿದ್ದರೆ ಸೋಲಿಯಸ್ ಸಹ ಸಿಕ್ಕಿದೆ ಎಂದರ್ಥ. ತೊಡೆಯ ಮುಂಭಾಗದ ಉದ್ದ ಸ್ನಾಯುವಿಗೂ ಇದೇ ಮಾತು: ಬೋರಲು ಮಲಗಿಸಿ ಮಂಡಿ ಮಡಚಿದಾಗ ಸೊಂಟ ಮೇಲೆದ್ದರೆ ತಡೆ ಅಲ್ಲಿದೆ.

ಅಳತೆಗೆ ಸಾಮಾನ್ಯವಾಗಿ ಬಳಸುವುದು 1987ರಲ್ಲಿ ಪರಿಷ್ಕರಣೆಗೊಂಡ ಆಶ್‌ವರ್ತ್ ಮಾಪಕ: 0, 1, 1+, 2, 3, 4; ಅಂಕಿ ಏರಿದಷ್ಟೂ ಬಿಗಿತ ಹೆಚ್ಚು. ಇದರಲ್ಲಿ ಆಗುವ ದೊಡ್ಡ ತಪ್ಪು, ಒಂದು ವಾರ ಮಲಗಿಸಿ ನೋಡಿ ಮುಂದಿನ ವಾರ ಕೂರಿಸಿ ನೋಡುವುದು. ಅಂಕಿ ಇಳಿದರೆ ಚಿಕಿತ್ಸೆ ಫಲಿಸಿತು ಎಂದುಕೊಳ್ಳುತ್ತಾರೆ, ಇಳಿಸಿದ್ದು ಕುರ್ಚಿ. ಪ್ರತಿ ಸಲವೂ ಬೇಕಾದ್ದು ಅದೇ ಭಂಗಿ, ತಲೆ ನಡುಮಧ್ಯ, ಮಾತ್ರೆ ತೆಗೆದುಕೊಂಡು ಅಷ್ಟೇ ಹೊತ್ತು, ಮೊದಲ ಎಳೆತದ ಲೆಕ್ಕ. ಮೊದಲ ಎಳೆತವೇ ಏಕೆಂದರೆ, ಅಲುಗಾಡದೆ ಬಿದ್ದಿದ್ದ ಸ್ನಾಯು ಸ್ವಭಾವತಃ ಹೆಚ್ಚು ಬಿಗಿ, ನಾಲ್ಕು ಸಲ ಆಡಿಸಿದರೆ ತಾನಾಗಿ ಸಡಿಲ. ಬೆಳಿಗ್ಗೆ ಎದ್ದ ಕೂಡಲೇ ಕಾಲು ಮರಗಟ್ಟಿದಂತಿರುವುದಕ್ಕೆ ಇದೂ ಒಂದು ಕಾರಣ. ಮನೆಯವರು ಅದೇ ಮಂಚದಲ್ಲಿ, ಅದೇ ಹೊತ್ತಿನಲ್ಲಿ ಮೊಬೈಲಿನಲ್ಲಿ ವಿಡಿಯೊ ಹಿಡಿದಿಟ್ಟರೆ ವೈದ್ಯರಿಗೆ ಅಂಕಿಗಿಂತ ಹೆಚ್ಚು ಉಪಯೋಗ.

ತಲೆ ತಿರುಗಿದ ಕಡೆ

1898ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್, ಮೆದುಳಿನ ಮೇಲ್ಭಾಗದ ಸಂಪರ್ಕ ಕಡಿದ ಪ್ರಾಣಿಗಳ ಕಾಲುಗಳು ಸೆಟೆದು ನಿಲ್ಲುವುದನ್ನು ವಿವರಿಸಿದರು. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ರುಡಾಲ್ಫ್ ಮ್ಯಾಗ್ನಸ್ ಮತ್ತು ಡಿ ಕ್ಲೈನ್ 1912ರಲ್ಲಿ ಅದನ್ನು ಮುಂದಕ್ಕೊಯ್ದು, ಆ ಸೆಟೆತ ತಲೆಯ ನಿಲುವಿಗೆ ತಕ್ಕಂತೆ ಏರಿಳಿಯುವುದನ್ನು ತೋರಿಸಿದರು. ಪ್ರಾಣಿಯನ್ನು ಅಂಗಾತ ಹಿಡಿದು ಮೂತಿಯನ್ನು ಮೇಲ್ಮುಖ ಮಾಡಿದಾಗ ಕಾಲುಗಳ ಸೆಟೆತ ಅತಿ ಹೆಚ್ಚು, ಬೋರಲು ಹಿಡಿದು ಮೂತಿ ಕೆಳಗೆ ಬಾಗಿಸಿದಾಗ ಅತಿ ಕಡಿಮೆ. ಸುದ್ದಿ ಕೊಡುವವು ಎರಡು: ಗುರುತ್ವವನ್ನು ಅರಿಯುವ ಒಳಗಿವಿ, ಮತ್ತು ಕತ್ತಿನ ಕೀಲು-ಸ್ನಾಯುಗಳು.

ಮನುಷ್ಯರಲ್ಲಿ ಇದರ ಗುರುತು ಎಳೆಯ ಕೂಸುಗಳಲ್ಲಿ ಕಾಣುತ್ತದೆ. ಮುಖ ತಿರುಗಿಸಿದ ಕಡೆಯ ಕೈ ಚಾಚಿಕೊಳ್ಳುತ್ತದೆ, ಹಿಂದಲೆಯ ಕಡೆಯ ಕೈ ಮಡಚಿಕೊಳ್ಳುತ್ತದೆ. ಸುಮಾರು ಆರು ತಿಂಗಳ ಹೊತ್ತಿಗೆ ಇದು ಮರೆಯಾಗಬೇಕು. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗೆ ಪೆಟ್ಟಾಗಿ ಚಲನೆ ಕುಂಠಿತವಾಗುವ ಸ್ಥಿತಿ) ಇರುವ ಮಕ್ಕಳಲ್ಲಿ ಉಳಿದುಬಿಡಬಹುದು; ಸ್ಟ್ರೋಕ್ ಅಥವಾ ತಲೆಗೆ ಪೆಟ್ಟಾದ ದೊಡ್ಡವರಲ್ಲಿ ಪೂರ್ತಿ ರೂಪದಲ್ಲಿ ಅಲ್ಲದಿದ್ದರೂ ಒಂದು ಒಲವಾಗಿ ಮತ್ತೆ ಕಾಣಿಸಬಹುದು. ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ, ಆದ್ದರಿಂದ ಪ್ರತಿಯೊಬ್ಬರಲ್ಲೂ ನೋಡಿಯೇ ತಿಳಿಯಬೇಕು.

ಇದರ ಪರಿಣಾಮ ಮನೆಯಲ್ಲಿ ಮಂಚ ಎಲ್ಲಿ ಹಾಕಿದ್ದೀರಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಂದು ಮಗ್ಗುಲು ಗೋಡೆ, ಇನ್ನೊಂದು ಮಗ್ಗುಲು ಬಾಗಿಲು, ಕಿಟಕಿ, ಟಿವಿ, ಮಾತಾಡಿಸುವ ಅಮ್ಮ ಎಲ್ಲ ಇದ್ದರೆ ಮಗು ದಿನವಿಡೀ ಅತ್ತಲೇ ತಿರುಗಿರುತ್ತದೆ. ಆ ಕಡೆಯ ಕೈ ಚಾಚಿಕೊಂಡು, ಈ ಕಡೆಯದು ಮಡಚಿಕೊಂಡು, ಬೆನ್ನೆಲುಬು ಬಾಗತೊಡಗುತ್ತದೆ. ದಿನಕ್ಕೊಮ್ಮೆ ತಲೆದಿಂಬನ್ನು ಮಂಚದ ಇನ್ನೊಂದು ತುದಿಗೆ ಹಾಕಿದರೆ ಸಾಕು, ನೋಡುವ ಕಡೆ ತಾನಾಗಿ ಬದಲಾಗುತ್ತದೆ. ಊಟ ಮಾಡಿಸುವವರು ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿ ಕೂರಬೇಕು. ಮೇಲಿನಿಂದ ತುತ್ತು ತಂದರೆ ಕತ್ತು ಹಿಂದಕ್ಕೆ ವಾಲಿ ಇಡೀ ಮೈ ಸೆಟೆಯುತ್ತದೆ, ನುಂಗುವುದೂ ಅಪಾಯ.

ಮಲಗುವ ಬಗೆ

ಸ್ಟ್ರೋಕ್ ಆದವರಿಗೆ ಅಂಗಾತ ಮಲಗುವುದು ಅತಿ ಸಾಮಾನ್ಯ, ಬಿಗಿತದ ದೃಷ್ಟಿಯಿಂದ ಅಷ್ಟೇನೂ ಒಳ್ಳೆಯದಲ್ಲ. ಬೇಕಾದಾಗ ಕಡಿಮೆ ಹೊತ್ತು ಇರಲಿ. ತಲೆಗೆ ಒಂದು ದಿಂಬು, ಪೆಟ್ಟಾದ, ಅಂದರೆ ಬಿಗಿತ ಇರುವ, ಕಡೆಯ ಭುಜದ ಹಲಗೆಯಡಿ ಮಡಚಿದ ತೆಳು ಟವೆಲ್, ಕಾಲು ಹೊರಕ್ಕೆ ಉರುಳದಂತೆ ಸೊಂಟದ ಪಕ್ಕಕ್ಕೆ ಇನ್ನೊಂದು. ಮಂಡಿಯಡಿ ದಿಂಬಿಟ್ಟರೆ ಆ ಗಳಿಗೆಗೆ ಹಾಯೆನಿಸುತ್ತದೆ, ದಿನಗಟ್ಟಲೆ ಬಿಟ್ಟರೆ ತೊಡೆಯ ಹಿಂಭಾಗ ಗಿಡ್ಡವಾಗುತ್ತದೆ. ಪಾದ ಕೆಳಕ್ಕೆ ಬೀಳದಿರಲಿ ಎಂದು ಮಂಚದ ತುದಿಗೆ ಹಲಗೆ ಕಟ್ಟುವ ಪದ್ಧತಿ ಇದೆ. ಮುಂಗಾಲಷ್ಟೇ ಅದಕ್ಕೆ ತಾಗಿದರೆ ಪಾದ ಇನ್ನೂ ಜೋರಾಗಿ ಕೆಳಕ್ಕೆ ಒತ್ತುತ್ತದೆ, ಏಕೆಂದರೆ ಮುಂಗಾಲಿನ ಒತ್ತಡವೇ ಕಾಲನ್ನು ಸೆಟೆಸುವ ಸೂಚನೆ.

ಮಗ್ಗುಲಾಗಿ ಮಲಗುವುದು ಉತ್ತಮ. ಪೆಟ್ಟಾದ ಮಗ್ಗುಲಿಗೆ ಮಲಗಿಸುವಾಗ ಕೈ ಹಿಡಿದು ಎಳೆಯಬಾರದು. ನಿಮ್ಮ ಅಂಗೈಯನ್ನು ಅವರ ಭುಜದ ಹಲಗೆಯ ಹಿಂದೆ ಇಟ್ಟು, ಇಡೀ ಹಲಗೆಯನ್ನು ಮುಂದಕ್ಕೆ ಜಾರಿಸಿ. ಭುಜದ ತುದಿಯ ಮೇಲೆ ಭಾರ ಬೀಳದೆ ಹಲಗೆಯ ಚಪ್ಪಟೆ ಭಾಗದ ಮೇಲೆ ಬೀಳಬೇಕು. ನೋವು ಎಂದರೆ ಮತ್ತೆ ಸರಿಪಡಿಸಿ. ತೋಳು ಮುಂದಕ್ಕೆ ಚಾಚಿ, ಅಂಗೈ ಮೇಲ್ಮುಖ. ಒಳ್ಳೆಯ ಕಾಲನ್ನು ಮಡಚಿ ಮುಂದೆ ದಿಂಬಿನ ಮೇಲೆ.

ಒಳ್ಳೆಯ ಮಗ್ಗುಲಿಗೆ ಮಲಗಿಸುವಾಗ ಎದೆಯ ಮುಂದೆ ದಪ್ಪ ದಿಂಬು ಬೇಕು, ಅದರ ಎತ್ತರ ಎದೆಯ ಮಟ್ಟಕ್ಕೆ ಬರಬೇಕು. ತೆಳ್ಳಗಿದ್ದರೆ ಭುಜ ಕೆಳಕ್ಕೆ ಜೋತು ನೋವು ಶುರು, ನೋವಿನಿಂದ ಬಿಗಿತ. ಮಣಿಕಟ್ಟು ದಿಂಬಿನ ಅಂಚಿನಿಂದ ನೇತಾಡಬಾರದು. ಮೇಲಿನ ಕಾಲಿನ ಮಂಡಿಯಿಂದ ಪಾದದವರೆಗೆ ಇನ್ನೊಂದು ದಿಂಬು. ಸೊಂಟ, ಮಂಡಿ ಎರಡೂ ಅರೆ ಮಡಚಿರಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೂಢಿ ಒತ್ತುಗಾಯ ತಡೆಯಲು ಬಂದದ್ದು. ಬಿಗಿತಕ್ಕೂ ಅದರಿಂದ ಒಳ್ಳೆಯದೇ.

ಇಷ್ಟು ಹೇಳಿ ಒಂದನ್ನು ಮುಚ್ಚಿಡಬಾರದು. ಸ್ನಾಯುವನ್ನು ಎಳೆದಿಡುವುದರ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಬಂದ ಕಾಕ್ರನ್ ವಿಮರ್ಶೆ, ಏಳು ತಿಂಗಳಿಗಿಂತ ಕಡಿಮೆ ಕಾಲ ಮಾಡಿದ ಎಳೆತದಿಂದ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದಿತು. ಅಂದರೆ ದಿಂಬಿನ ಜೋಡಣೆ ಸ್ಪಾಸ್ಟಿಸಿಟಿಯನ್ನು ವಾಸಿಮಾಡುವುದಿಲ್ಲ. ನನ್ನ ಮಟ್ಟಿಗೆ ಅದರ ಬೆಲೆ ಆ ಹೊತ್ತಿನದು: ಅಂಗೈ ತೆರೆದು ತೊಳೆಯಲು, ಉಗುರು ಕತ್ತರಿಸಲು, ಶರ್ಟಿನ ತೋಳು ತೂರಿಸಲು, ನೋವಿಲ್ಲದೆ ನಿದ್ದೆ ಮಾಡಲು. ಅದು ಸಣ್ಣದಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ಮನೆಗಳ ಒಂದು ಹಳೆಯ ರೂಢಿ ಬಹಳ ಉಪಯೋಗಿ. ಕತ್ತರಿಕಾಲು ಹಾಕುವ ಮಗುವನ್ನು ಎರಡೂ ಕೈಯಲ್ಲಿ ಅಂಗಾತ ಎತ್ತಿದರೆ ಕಾಲುಗಳು ಇನ್ನಷ್ಟು ಹೆಣೆದುಕೊಳ್ಳುತ್ತವೆ. ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಂಡರೆ ತೊಡೆಗಳು ದೂರ ಸರಿಯುತ್ತವೆ, ಸೊಂಟ-ಮಂಡಿ ಮಡಚುತ್ತವೆ, ಸೆಟೆತ ಇಳಿಯುತ್ತದೆ. ಎತ್ತುವ ಮೊದಲು ಮಗುವನ್ನು ಮಗ್ಗುಲಿಗೆ ತಿರುಗಿಸಿ, ಮಂಡಿಗಳನ್ನು ಹೊಟ್ಟೆಯತ್ತ ಮಡಚಿ, ಆಮೇಲೆ ಎತ್ತಿ. ಎರಡೂ ಸೊಂಟ ಬದಲಿಸುತ್ತಿರಿ, ನಿಮ್ಮ ಬೆನ್ನಿಗೂ ಒಳ್ಳೆಯದು. ಮಗುವಿನ ಸೊಂಟದ ಕೀಲು ಜಾರಿದೆ ಎಂದು ಎಕ್ಸ್-ರೇ ಹೇಳಿದ್ದರೆ ಮಾತ್ರ ಮೂಳೆತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಕುರ್ಚಿ ಮತ್ತು ಹಿಮ್ಮಡಿ

ಮನೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಅರ್ಧ ಗಂಟೆಯಲ್ಲಿ ಮುಂದಕ್ಕೆ ಜಾರಿ ಬೆನ್ನಿನ ಬುಡದ ಮೇಲೆ ಕೂತಿರುತ್ತಾರೆ. ಸೊಂಟದ ಕೋನ ತೆರೆದುಕೊಳ್ಳುತ್ತದೆ, ಕಾಲು ಸೆಟೆದು ಮುಂದಕ್ಕೆ ಚಾಚುತ್ತದೆ, ಅದರಿಂದ ಮತ್ತಷ್ಟು ಜಾರು. ಸರಿಪಡಿಸಲು ಪೃಷ್ಠವನ್ನು ಹಿಂದಕ್ಕೆ ಪೂರ್ತಿ ಒತ್ತಿಸಿ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಬೆರಳ ಜಾಗ. ಸೀಟಿನ ಮುಂಭಾಗದಲ್ಲಿ ಸುತ್ತಿದ ಟವೆಲ್ ಇಟ್ಟು ತೊಡೆಗಳನ್ನು ಒಂಚೂರು ಎತ್ತರಿಸಿದರೆ ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಿ ಸೆಟೆತ ಮುರಿಯುತ್ತದೆ. ಗಾಲಿಕುರ್ಚಿಯ ಬೆಲ್ಟ್ ಹೊಟ್ಟೆಯ ಮೇಲೆ ಅಡ್ಡವಾಗಿ ಬಾರದೆ, ತೊಡೆಸಂದಿನ ಮೇಲಿಂದ ಓರೆಯಾಗಿ ಕೆಳಕ್ಕೆ-ಹಿಂದಕ್ಕೆ ಎಳೆಯಬೇಕು.

ಪಾದದ ಹಲಗೆಯ ಮೇಲೆ ಕಾಲು ತಡತಡ ಕುಣಿಯಲು ಶುರುವಾದರೆ ನೋಡಿ, ಸಾಮಾನ್ಯವಾಗಿ ಹಿಮ್ಮಡಿ ಗಾಳಿಯಲ್ಲಿರುತ್ತದೆ, ಮುಂಗಾಲಷ್ಟೇ ಹಲಗೆಗೆ ತಾಗಿರುತ್ತದೆ. ಇದಕ್ಕೆ ಕ್ಲೋನಸ್ ಎನ್ನುತ್ತಾರೆ. ಮಂಡಿಯ ಮೇಲೆ ಅಂಗೈಯಿಟ್ಟು ನೇರ ಕೆಳಕ್ಕೆ ಒತ್ತಿ ಹಿಮ್ಮಡಿಯ ಮೇಲೆ ಭಾರ ಹಾಕಿದರೆ ಕೆಲವು ಸೆಕೆಂಡಿನಲ್ಲಿ ನಿಲ್ಲುತ್ತದೆ. ಒಂದೇ ಅಂಗಾಲು, ಮುಂಭಾಗಕ್ಕೆ ಒತ್ತಿದರೆ ಒಂದು ಉತ್ತರ, ಹಿಂಭಾಗಕ್ಕೆ ಒತ್ತಿದರೆ ಇನ್ನೊಂದು.

ಅಂಗಾಲಿಗೆ ನೆಲವೇ ಇಲ್ಲದಿದ್ದರೆ

ಆರೋಗ್ಯವಂತರಲ್ಲಿ ಇದನ್ನು ಪರೀಕ್ಷಿಸಿದವರು ಸೋವಿಯತ್ ಬಾಹ್ಯಾಕಾಶ ವಿಜ್ಞಾನಿಗಳು. ಮಾಸ್ಕೋದ ಜೀವವೈದ್ಯಕೀಯ ಸಮಸ್ಯೆಗಳ ಸಂಸ್ಥೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ವಿಧಾನಕ್ಕೆ ಒಣ ಮುಳುಗು ಎನ್ನಬಹುದು. ಸುಮಾರು 33 ಡಿಗ್ರಿ ಸೆಲ್ಸಿಯಸ್ ನೀರಿನ ತೊಟ್ಟಿಯ ಮೇಲೆ ನೀರು ದಾಟದ ತೆಳು ಬಟ್ಟೆಯನ್ನು ಸಡಿಲವಾಗಿ ಹಾಸುತ್ತಾರೆ, ಅದರೊಳಗೆ ವ್ಯಕ್ತಿ ಕತ್ತಿನವರೆಗೆ ಮುಳುಗುತ್ತಾರೆ. ಮೈ ಒದ್ದೆಯಾಗುವುದಿಲ್ಲ, ದಿನಗಟ್ಟಲೆ ಇರಬಹುದು. ಎಲ್ಲ ಕಡೆಯಿಂದಲೂ ಸಮವಾಗಿ ಒತ್ತುವ ನೀರು ಬಿಟ್ಟರೆ ಮೈಗೆ ಆಸರೆಯ ಭಾವವೇ ಇಲ್ಲ.

ಮೊದಲ ಕೆಲವೇ ಗಂಟೆಗಳಲ್ಲಿ ಸೋಲಿಯಸ್‌ನ ಬಿಗಿ ಇಳಿಯುತ್ತದೆ. ಸ್ನಾಯು ಸವೆಯಲು ಅಷ್ಟು ಸಮಯ ಸಾಲದು, ಹಾಗಾಗಿ ಇದು ನರಮಂಡಲದ್ದೇ ಕೆಲಸ. ಬೆನ್ನಿನ ಸ್ನಾಯುಗಳ ಬಿಗಿಯೂ ತಗ್ಗಿ ಬೆನ್ನೆಲುಬು ಹಿಗ್ಗುತ್ತದೆ, ಎತ್ತರ ಒಂದಿಷ್ಟು ಹೆಚ್ಚುತ್ತದೆ, ಹಲವರಿಗೆ ಬೆನ್ನುನೋವು ಬರುತ್ತದೆ. ಇನೆಸ್ಸಾ ಕೊಜ್ಲೊವ್‌ಸ್ಕಾಯಾ ಮತ್ತು ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ತೊಟ್ಟಿಯಲ್ಲಿರುವಾಗಲೇ ಅಂಗಾಲಿನ ಹಿಮ್ಮಡಿ ಮತ್ತು ಮುಂಗಾಲಿನ ಜಾಗಗಳನ್ನು ನಡಿಗೆಯ ಲಯದಲ್ಲಿ ಯಂತ್ರದಿಂದ ಒತ್ತಿದಾಗ ಆ ಇಳಿತ ಬಹುಮಟ್ಟಿಗೆ ತಪ್ಪಿತು. ನೆಲ ತಾಗುತ್ತಿದೆ ಎಂಬ ಸುದ್ದಿಯೇ ಮೀನಖಂಡವನ್ನು ಬಿಗಿಯಾಗಿ ಇಟ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. 2021ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಮಹಿಳೆಯರೊಂದಿಗೆ 5 ದಿನಗಳ ಒಣ ಮುಳುಗು ಪ್ರಯೋಗ ನಡೆಸಿತು.

1973-74ರ ಸ್ಕೈಲ್ಯಾಬ್ ಯಾನಗಳಲ್ಲಿ ಗಗನಯಾತ್ರಿಗಳು ಮೈಬಿಟ್ಟು ತೇಲಿದಾಗ ದೇಹ ತಾನಾಗಿ ತಾಳಿದ ಭಂಗಿಯನ್ನೂ ಅಳೆದರು: ಸೊಂಟದಲ್ಲಿ ಸುಮಾರು 128 ಡಿಗ್ರಿ, ಮಂಡಿಯಲ್ಲಿ ಸುಮಾರು 133 ಡಿಗ್ರಿ, ತೋಳುಗಳು ಮುಂದೆ ಮೇಲೆದ್ದು. ಅರೆ ಮಡಚಿದ ಸೊಂಟ-ಮಂಡಿ. ದಿಂಬುಗಳಿಂದ ಮಗ್ಗುಲಿಗೆ ಮಲಗಿಸಿದಾಗ ನಾವು ತರಲು ಹೊರಡುವುದೂ ಇದರ ಹತ್ತಿರದ ಭಂಗಿಯನ್ನೇ.

ಕೊಳದಲ್ಲಿ ಏನೇನು ಕೆಲಸ ಮಾಡುತ್ತದೆ

ನಿಂತಾಗ ಕಾಲಿನ ಮೇಲೆ ಉಳಿಯುವ ಭಾರ ಆಳಕ್ಕೆ ತಕ್ಕಂತೆ: ಸೊಂಟದ ಮೂಳೆಯವರೆಗೆ ನೀರಿದ್ದರೆ ಸುಮಾರು ಅರ್ಧ, ಎದೆಮೂಳೆಯ ತುದಿಯವರೆಗೆ ಇದ್ದರೆ ಮೂರನೇ ಒಂದರಷ್ಟು, ಕತ್ತಿನವರೆಗೆ ಇದ್ದರೆ ಹತ್ತನೇ ಒಂದಕ್ಕಿಂತ ಕಡಿಮೆ. ಎರಡನೆಯದು ಶಾಖ. ನರದ ತೊಂದರೆ ಇರುವವರಿಗೆ 33ರಿಂದ 35 ಡಿಗ್ರಿ ಸರಿ, ಮೈಗೆ ತಣ್ಣಗೂ ಅನಿಸದ ಬಿಸಿಯೂ ಅನಿಸದ ಮಟ್ಟ. ಈಜು ಸ್ಪರ್ಧೆಯ ಕೊಳಗಳಿಗೆ ನಿಗದಿಯಾದ ಶಾಖ 25ರಿಂದ 28 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುವುದರಿಂದ, ಹೆಚ್ಚು ಚಲಿಸಲಾಗದವರು ಅಲ್ಲಿ ಹತ್ತು ನಿಮಿಷಕ್ಕೆ ನಡುಗತೊಡಗುತ್ತಾರೆ, ಬಿಗಿತ ಇಳಿಯುವ ಬದಲು ಏರುತ್ತದೆ. ಕರ್ನಾಟಕದ ಬಹುತೇಕ ಸಾರ್ವಜನಿಕ ಈಜುಕೊಳಗಳಲ್ಲಿ ನೀರು ಕಾಯಿಸುವ ವ್ಯವಸ್ಥೆ ಇಲ್ಲ, ಆದ್ದರಿಂದ ಸೇರಿಸುವ ಮೊದಲು ಥರ್ಮಾಮೀಟರ್ ಹಾಕಿ ನೋಡಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರು ಇದಕ್ಕೆ ಅಪವಾದ: ಶಾಖ ಅವರ ನರಗಳ ವಹನವನ್ನು ಕುಗ್ಗಿಸಿ ನಿಶ್ಶಕ್ತಿ ತರುತ್ತದೆ, ಅವರಿಗೆ 27-29 ಡಿಗ್ರಿಯೇ ಮೇಲು.

ಮೂರನೆಯದು ವೇಗ. ನೀರಿನಲ್ಲಿ ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಜೋರಾಗಿ ಕಾಲು ಬಡಿಯಿರಿ ಎಂದು ಹುರಿದುಂಬಿಸುವವರು ಸ್ಪಾಸ್ಟಿಕ್ ಕಾಲಿಗೆ ಬೇಗದ ಎಳೆತ, ಅತಿ ಶ್ರಮ ಎರಡನ್ನೂ ಒಟ್ಟಿಗೆ ಕೊಡುತ್ತಿರುತ್ತಾರೆ. ನಿಧಾನ, ಲಯಬದ್ಧ, ಮುಂಡದಿಂದ ಶುರುವಾಗುವ ಚಲನೆ ಬೇಕು.

ಕೊಳಕ್ಕೆ ಇಳಿಸುವ ಮೊದಲು ಮೂತ್ರ ಮಾಡಿಸಿ. ಕತ್ತಿನವರೆಗೆ ಮುಳುಗಿದಾಗ ಸುಮಾರು 700 ಮಿಲಿಲೀಟರ್ ರಕ್ತ ಕಾಲು-ಹೊಟ್ಟೆಯಿಂದ ಎದೆಯತ್ತ ಸರಿಯುತ್ತದೆ, ಮೂತ್ರ ಹೆಚ್ಚಾಗುತ್ತದೆ, ತುಂಬಿದ ಮೂತ್ರಕೋಶ ಬಿಗಿತ ಏರಿಸುತ್ತದೆ. ಹೃದಯ ವೈಫಲ್ಯ ಇರುವವರಿಗೆ ಇದೇ ರಕ್ತದ ಸರಿತ ಅಪಾಯ. ಹತೋಟಿಗೆ ಬಾರದ ಫಿಟ್ಸ್, ತೆರೆದ ಗಾಯ, ಜ್ವರ, ಭೇದಿ, ಕತ್ತಿನಲ್ಲಿ ಉಸಿರಾಟದ ನಳಿಕೆ ಇರುವವರನ್ನು ಇಳಿಸಬಾರದು. ಉಸಿರಾಟದ ಸ್ನಾಯು ದುರ್ಬಲ ಇರುವವರಿಗೆ ಎದೆಯ ಮೇಲಿನ ನೀರಿನ ಒತ್ತಡವೇ ಭಾರ, ಮೊದಲು ವೈದ್ಯರ ಮಾತು ಬೇಕು.

ಮೊದಲ ಐದು ನಿಮಿಷ ವ್ಯಾಯಾಮ ಇಲ್ಲ. ಎದೆಮಟ್ಟದ ನೀರಿನಲ್ಲಿ ಬೆನ್ನನ್ನು ಗೋಡೆಗೋ ಫಿಸಿಯೊ ಎದೆಗೋ ಆನಿಸಿ ನಿಲ್ಲಲಿ, ನೀರಿನ ಮೇಲೆ ಉಫ್ ಎಂದು ಊದಲಿ. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಹುಡುಗಿಯರಿಗೆ ಈಜು ಕಲಿಸುತ್ತ ಜೇಮ್ಸ್ ಮೆಕ್‌ಮಿಲನ್ ರೂಪಿಸಿದ ಹ್ಯಾಲಿವಿಕ್ ಕ್ರಮದಲ್ಲಿ ಉಸಿರು ಊದುವುದು ಶುರುವಿನಲ್ಲೇ ಬರುತ್ತದೆ. ಭಯದಿಂದ ಉಸಿರು ಹಿಡಿದವರ ಭುಜ, ಬೆರಳು, ದವಡೆ ಎಲ್ಲ ಬಿಗಿಯುತ್ತವೆ. ಆ ಸ್ಥಿತಿಯಲ್ಲಿ 35 ಡಿಗ್ರಿ ನೀರೂ ಏನೂ ಮಾಡಲಾರದು.

ಆಮೇಲೆ ಅಂಗಾತ ತೇಲಿಸುವುದು. ಇಲ್ಲಿಯೇ ಹೆಚ್ಚು ತಪ್ಪು. ಗಾಳಿ ತುಂಬಿದ ಕತ್ತುಪಟ್ಟಿ ತೀರಾ ಉಬ್ಬಿದ್ದರೆ ತಲೆ ಹಿಂದಕ್ಕೆ ವಾಲುತ್ತದೆ ಅಥವಾ ಗದ್ದ ಎದೆಗೆ ಒತ್ತುತ್ತದೆ. ಕಾಲ್ಗಿಣ್ಣಿಗೆ ಕಟ್ಟಿದ ತೇಲುಪಟ್ಟಿ ಕಾಲನ್ನು ತೀರಾ ಎತ್ತಿ ಸೊಂಟ ಕಮಾನಾಗುತ್ತದೆ. ಮ್ಯಾಗ್ನಸ್ ಹೇಳಿದ ಅತಿ ಸೆಟೆತದ ಭಂಗಿ ನೀರಿನಲ್ಲೇ ಸಿದ್ಧ. ಕತ್ತುಪಟ್ಟಿಯಲ್ಲಿ ಅರ್ಧ ಗಾಳಿ, ತಲೆ ಬೆನ್ನೆಲುಬಿನ ನೇರಕ್ಕೆ, ಮಂಡಿಯ ಹಿಂದೆ ನೀಳ ತೇಲುಕೋಲು ಇಟ್ಟು ಸೊಂಟ-ಮಂಡಿ ಅರೆ ಮಡಚಿ. ಒಂದು ಕೈ ಭುಜದ ಹಲಗೆಗಳ ನಡುವೆ, ಇನ್ನೊಂದು ಸೊಂಟದ ಕೆಳಗೆ. ಎಡಕ್ಕೆ ಬಲಕ್ಕೆ ನಿಧಾನ ತೂಗಿ, ಒಂದು ಬದಿಯಿಂದ ಇನ್ನೊಂದಕ್ಕೆ ನಾಲ್ಕೈದು ಸೆಕೆಂಡು. ದೇಹದ ಎರಡು ಬದಿಗಳ ಬಿಗಿ ಒಂದೇ ಇಲ್ಲದ್ದರಿಂದ ಮೈ ಒಂದು ಕಡೆಗೆ ಉರುಳಲು ನೋಡುತ್ತದೆ, ಅದನ್ನು ಅಂಗೈ ಮೊದಲೇ ಊಹಿಸಿರಬೇಕು. ಕಿವಿ ನೀರಿನಲ್ಲಿರುವುದರಿಂದ ನಿಮ್ಮ ಮಾತು ಅವರಿಗೆ ಕೇಳದು. ಏನು ಮಾಡಲಿದ್ದೀರಿ ಎಂಬುದನ್ನು ಮುಂಚೆಯೇ ಹೇಳಿ.

ಸಡಿಲಾದ ಮೇಲೆ ಗೋಡೆ ಹಿಡಿದು ನಿಂತು ಹಿಮ್ಮಡಿ ನೆಲಕ್ಕೆ ಊರಿ ಭಾರ ಹಾಕುವುದು, ನಿಧಾನ ಹೆಜ್ಜೆ. ಪಾದ ಒಳಕ್ಕೆ ಹೊರಳಿರುವುದು ಸ್ಪರ್ಶಜ್ಞಾನ ಕಡಿಮೆ ಇರುವವರಿಗೆ ತಿಳಿಯುವುದಿಲ್ಲ, ಮೇಲಿನಿಂದ ನೋಡುವವರಿಗೆ ನೀರಿನ ವಕ್ರೀಭವನದಲ್ಲಿ ಕಾಣುವುದಿಲ್ಲ. ಆದ್ದರಿಂದ ಕೊಳದ ಚಪ್ಪಲಿ ಹಾಕಿಸಿ, ಆಗಾಗ ಕೈಯಿಂದ ಮುಟ್ಟಿ ನೋಡಿ. ಮೊದಲ ದಿನಗಳಲ್ಲಿ ಒಟ್ಟು 20 ನಿಮಿಷ ಸಾಕು.

ಹೊರಬರುವ ಕ್ರಮ ನನ್ನ ಪ್ರಕಾರ ಇಡೀ ಹೊತ್ತಿನ ಅತಿ ಮುಖ್ಯ ಭಾಗ. ಹಲವರು ನಿಲ್ಲುವುದೇ ತೊಡೆಯ ಸೆಟೆತದ ಬಲದಿಂದ. ನೀರು ಅದನ್ನು ಇಳಿಸಿರುತ್ತದೆ, ಮೆಟ್ಟಿಲ ಮೇಲೆ ಪೂರ್ತಿ ಭಾರ ತಟ್ಟನೆ ಬಂದಾಗ ಮಂಡಿ ಕುಸಿಯುತ್ತದೆ. ಎದೆಮಟ್ಟದಿಂದ ನೇರ ಮೆಟ್ಟಿಲಿಗೆ ಬಾರದೆ ಸೊಂಟಮಟ್ಟದಲ್ಲಿ ಎರಡು ಮೂರು ನಿಮಿಷ ನಿಂತು ಭಾರ ಹೊರಲು ಕಾಲಿಗೆ ಬಿಡುವು ಕೊಡಿ. ರಕ್ತ ಮತ್ತೆ ಕಾಲಿಗೆ ಇಳಿದು ತಲೆ ಸುತ್ತುವುದೂ ಇದರಿಂದ ಕಡಿಮೆಯಾಗುತ್ತದೆ. ಫ್ಯಾನ್ ಆರಿಸಿ, ಒಣ ಟವೆಲ್ ಹೊದಿಸಿ, ಎರಡೂ ಪಾದ ನೆಲಕ್ಕೆ ತಾಗುವ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಿಸಿ. ಆಮೇಲೆ ಕೂತು ಏಳುವುದನ್ನು, ಕೈಯಲ್ಲಿ ಲೋಟ ಹಿಡಿಯುವುದನ್ನು ಅಭ್ಯಾಸ ಮಾಡಿಸಿ. ಬಿಗಿತ ಇಳಿದಿರುವ ಈ ಹೊತ್ತು ಎಲ್ಲರಲ್ಲೂ ಒಂದೇ ಉದ್ದ ಇರುವುದಿಲ್ಲ, ಬಳಸದೆ ಬಿಟ್ಟರೆ ಕೊಳಕ್ಕೆ ಹೋಗಿಬಂದ ಶ್ರಮ ಸ್ನಾನಕ್ಕೆ ಸಮ.

ಕೂಸಿನ ಕತ್ತಿಗೆ ಉಂಗುರದಂತೆ ಹಾಕಿ ನೀರಿನಲ್ಲಿ ತೇಲಿಬಿಡುವ ಗಾಳಿಪಟ್ಟಿಗಳನ್ನು ದಯವಿಟ್ಟು ಕೊಳ್ಳಬೇಡಿ. ಸಾವು ಮತ್ತು ಗಂಭೀರ ಗಾಯಗಳ ಅಪಾಯವಿದೆ ಎಂದು ಅಮೆರಿಕದ ಎಫ್‌ಡಿಎ 2022ರಲ್ಲಿ ಎಚ್ಚರಿಸಿತು, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್‌ನಂಥ ವಿಶೇಷ ಅಗತ್ಯದ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು ಎಂದಿತು. ದೊಡ್ಡವರ ಕೈಗೆ ಬದಲಿ ಇಲ್ಲ.

ಬಚ್ಚಲುಮನೆಯಲ್ಲಿ

ಬಕೆಟ್ಟಿನ ಸ್ನಾನದಲ್ಲಿ ತೇಲುವಿಕೆ ಇಲ್ಲ, ಶಾಖ ಮಾತ್ರ. ಆದರೂ ಒಳ್ಳೆಯ ಅವಕಾಶ. ಕೈಯಿರುವ ಕುರ್ಚಿ, ಪಾದಗಳು ಪೂರ್ತಿ ನೆಲಕ್ಕೆ, ಅಡಿಗೆ ಜಾರದ ಮ್ಯಾಟ್. ನೀರು 37-38 ಡಿಗ್ರಿ. ಸೋಲಾರ್ ನೀರು 60 ಡಿಗ್ರಿಯವರೆಗೂ ಇರುತ್ತದೆ, ಸ್ಪರ್ಶವಿಲ್ಲದ ಕಾಲಿಗೆ ಸುಟ್ಟದ್ದು ಗುಳ್ಳೆ ಎದ್ದ ಮೇಲೆಯೇ ಗೊತ್ತಾಗುವುದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಿಮ್ಮ ಮೊಣಕೈಯಿಂದ ನೋಡಿ. ತಲೆಯ ಮೇಲೆ ಚೊಂಬು ಸುರಿದರೆ ಬೆಚ್ಚಿಬಿದ್ದು ಇಡೀ ಮೈ ಸೆಟೆಯುತ್ತದೆ. ಪಾದದಿಂದ ಶುರುಮಾಡಿ, ತೊಡೆ, ಕೈ, ಬೆನ್ನು, ಕೊನೆಗೆ ತಲೆ. ಮುಷ್ಟಿ ಬಿಡಿಸಬೇಕಿದ್ದರೆ ಬೆರಳ ತುದಿ ಎಳೆಯಬೇಡಿ. ಮಣಿಕಟ್ಟನ್ನು ಒಳಕ್ಕೆ ಮಡಚಿ, ಬೆರಳುಗಳು ಸಡಿಲವಾದಾಗ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ. ಅಂಗೈ ತೊಳೆದು ಪೂರ್ತಿ ಒರೆಸಿ.

ಭಂಗಿ ಸರಿಯಿದ್ದೂ, ನೀರು ಬೆಚ್ಚಗಿದ್ದೂ, ನಿನ್ನೆಯವರೆಗೆ ಸಡಿಲವಿದ್ದ ಕಾಲು ಇವತ್ತು ಏಕಾಏಕಿ ಬಿಗಿದರೆ ಕಾರಣ ಬೇರೆಲ್ಲೋ ಇದೆ. ಮೂತ್ರದ ಸೋಂಕು, ಮಡಚಿಕೊಂಡ ಕ್ಯಾಥೆಟರ್, ಮೂರು ದಿನದ ಮಲಬದ್ಧತೆ, ಬೆನ್ನಿನ ಬುಡದಲ್ಲಿ ಒತ್ತುಗಾಯ, ಮಾಂಸಕ್ಕೆ ಚುಚ್ಚಿದ ಹೆಬ್ಬೆರಳ ಉಗುರು, ಬಿಗಿಯಾದ ಸ್ಪ್ಲಿಂಟ್, ಒಂದು ಕಾಲಿನಲ್ಲಿ ಮಾತ್ರ ಊತ, ನೋವು ಗೊತ್ತಾಗದೆ ಮುರಿದ ಮೂಳೆ, ಬಿಗಿತ ಇಳಿಸಲು ಕೊಟ್ಟು ಮರೆತುಹೋದ ಬ್ಯಾಕ್ಲೋಫೆನ್ ಮಾತ್ರೆ. ಇವನ್ನೆಲ್ಲ ಹುಡುಕುತ್ತ ಅಡಿಯಿಂದ ಮುಡಿಯವರೆಗೆ ಬಟ್ಟೆ ಸರಿಸಿ ನೋಡಿ. ಬ್ಯಾಕ್ಲೋಫೆನ್ ಹಠಾತ್ತನೆ ನಿಂತಿದ್ದರೆ, ಜ್ವರವಿದ್ದರೆ, ಒಂದೇ ಕಾಲು ಊದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೊಳದ ಕೆಲಸ ಅಲ್ಲಿಯವರೆಗೆ ಬೇಡ.